ಮೂರನೆಯ ಮಹಡಿಯ ರೊಟ್ಟಿ

ಶನಿವಾರ ಮಧ್ಯಾಹ್ನ ಶಾಲೆಗೆ ಬೀಗ ಹಾಕಿಸಿ ಸಲಗರ ಬುದ್ರುಕದಿಂದ ಸೋಲಾಪುರದ ಹಾದಿ ಹಿಡಿಯುವಾಗ ನಮ್ಮ ಕೈಯಲ್ಲಿ ಪುಸ್ತಕದ ಚೀಲಕ್ಕಿಂತ ಭಾರವಾದ ಇನ್ನೊಂದು ಚೀಲವಿರುತ್ತದೆ. ಹಿಂದಿನ ದಿನವಷ್ಟೇ ಬೀಸಿಸಿದ ಜೋಳದ ಹಿಟ್ಟು, ಎರಡು ಕಟ್ಟು ಪುಂಡಿಸೊಪ್ಪು, ಒಂದಿಷ್ಟು ಶೇಂಗಾ, ಚಳಿಗಾಲವಾದರೆ ಎಳೆಯ ಕಡಲೆಸೊಪ್ಪು ಅದರಲ್ಲಿರುತ್ತವೆ. ಮಕ್ಕಳ ಓದಿಗಾಗಿ ನಾಲ್ಕು ವರ್ಷಗಳ ಹಿಂದೆ ಸೋಲಾಪುರದಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದೆವು. ಮಗಳು, ಮಗ ಮತ್ತು ನಮ್ಮ ಮನೆಯವರು ಅಲ್ಲಿ. ಊರು ಬಿಟ್ಟು ಬರಲೊಲ್ಲದ ಅವ್ವ ಮತ್ತು ನಾವು ಇಲ್ಲಿ. ಗಡಿನಾಡಿನ ಅನೇಕ ಕುಟುಂಬಗಳು ಹೀಗೆ ಎರಡು ಒಲೆಗಳಾಗಿವೆ. ಈ ಪತ್ರಿಕೆಯ ವಾಚಕರಲ್ಲಿ ಹಲವರಿಗೆ ಇದು ಹೊಸ ಸಂಗತಿಯಲ್ಲ.

ಸೋಲಾಪುರದ ಆ ಮನೆ ಮೂರನೆಯ ಮಹಡಿಯಲ್ಲಿದೆ. ಎರಡು ಕೋಣೆಗಳು, ಒಂದು ಅಡುಗೆಮನೆ. ಅಡುಗೆಮನೆಯ ಉದ್ದ 8 ಅಡಿ, ಅಗಲ 6 ಅಡಿ. ಗೋಡೆಗೆ ಹೊಂದಿಕೊಂಡ ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ಪಕ್ಕದಲ್ಲಿ ನೀರಿನ ನಲ್ಲಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಸ್ತಿಲಲ್ಲಿಯೇ ನಿಲ್ಲಬೇಕು. ಮೊದಲ ಬಾರಿ ಅದನ್ನು ನೋಡಿದಾಗ ನಮಗೆ ಕನಿಕರವೇ ಉಂಟಾಯಿತು. ಇಷ್ಟು ಇಕ್ಕಟ್ಟಿನಲ್ಲಿ ಸಂಸಾರದ ಅಡುಗೆ ಹೇಗೆ ಸಾಗೀತು ಎಂದುಕೊಂಡೆವು. ಆದರೆ ಆ ಇಕ್ಕಟ್ಟೇ ನಮಗೆ ಒಂದು ಪಾಠವನ್ನು ಕಲಿಸಿತು.

ಊರಿನ ನಮ್ಮ ಮಾಳಿಗೆ ಮನೆಯಲ್ಲಿ ಒಲೆ ಇರುವುದು ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ. ನಾವು ಪಡಸಾಲೆಯಲ್ಲಿ ಕುಳಿತು ಉಂಡವರು. ತಾಟು ತುಂಬಿ ಬರುತ್ತಿತ್ತು, ಬರಿದಾಗಿ ಒಳಗೆ ಹೋಗುತ್ತಿತ್ತು. ಅದಕ್ಕೆ ಮೊದಲು ತೊಗರಿ ಕಟ್ಟಿಗೆಯ ಹೊಗೆಯ ಮುಂದೆ ಏನೇನು ನಡೆಯುತ್ತದೆ ಎಂಬುದನ್ನು, ಮಕ್ಕಳಿಗೆ ಶ್ರಮದ ಗೌರವದ ಪಾಠವನ್ನು ವರ್ಷವರ್ಷವೂ ಹೇಳುವ ನಾವು, ಒಂದು ದಿನವೂ ಕುಳಿತು ನೋಡಿರಲಿಲ್ಲ. ಶಿಕ್ಷಕ ತರಬೇತಿಯ ಎರಡು ವರ್ಷ ಬಾಡಿಗೆಯ ಕೋಣೆಯಲ್ಲಿದ್ದು ಸೀಮೆಎಣ್ಣೆಯ ಸ್ಟೋವಿನ ಮೇಲೆ ಅನ್ನ, ಬೇಳೆ ಬೇಯಿಸಿಕೊಂಡದ್ದುಂಟು. ರೊಟ್ಟಿಗೆ ಮಾತ್ರ ಊರಿನಿಂದ ಬರುವ ಗಂಟೇ ಗತಿಯಾಗಿತ್ತು.

ಸೋಲಾಪುರದ ಮನೆಯಲ್ಲಿ ಪಡಸಾಲೆಯಿಲ್ಲ. ನಾವು ಎಲ್ಲಿ ಕುಳಿತರೂ ಅಡುಗೆಯ ಎದುರಿಗೇ ಕುಳಿತಂತೆ. ಒಗ್ಗರಣೆಗೆ ಸಾಸಿವೆ ಸಿಡಿದರೆ ನಮ್ಮ ಕೈಯಲ್ಲಿನ ಉತ್ತರಪತ್ರಿಕೆಗೂ ಅದರ ವಾಸನೆ ಹತ್ತುತ್ತದೆ. ಮಗಳು ಓದುತ್ತಲೇ ಸೊಪ್ಪು ಸೋಸುತ್ತಾಳೆ. ಮಗ ಬೆಳ್ಳುಳ್ಳಿ ಸುಲಿಯುತ್ತಾನೆ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಖಾರ, ಉಪ್ಪು, ಬೆಳ್ಳುಳ್ಳಿ ಕೂಡಿಸಿ ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿದ ಹಿಂಡಿಯ ಪರಿಮಳ ಕೆಳಗಿನ ಮೆಟ್ಟಿಲುಗಳವರೆಗೂ ಇಳಿಯುತ್ತದೆ. ಬಿಸಿ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಉಪ್ಪು, ಎಣ್ಣೆಯೊಡನೆ ಹಿಸುಕಿ ಮಾಡಿದ ಮುಟಗಿಯನ್ನು ಹೊಸ್ತಿಲಲ್ಲಿ ನಿಂತೇ ಕೈಯಿಂದ ಕೈಗೆ ಇಸಿದುಕೊಂಡು ತಿನ್ನುವ ಸುಖ ನಮಗೆ ಪಡಸಾಲೆಯ ಮಣೆಯ ಮೇಲೆ ಎಂದೂ ದೊರೆತಿರಲಿಲ್ಲ.

ಇನ್ನೊಂದು ಸಂಗತಿಯೂ ನಮ್ಮ ಕಿವಿಗೆ ಬಿದ್ದಿತು. ಮಗಳ ಕಾಲೇಜಿನ ಮಾತು ವಾರವಿಡೀ ಮರಾಠಿ, ಇಂಗ್ಲಿಷುಗಳಲ್ಲಿ ನಡೆಯುತ್ತದೆ. ಮನೆಯಲ್ಲಿಯೂ ಪಾಠದ ವಿಷಯ ಬಂದರೆ ಅವಳ ನಾಲಿಗೆ ಆ ಕಡೆಗೇ ಹೊರಳುತ್ತದೆ. ಆದರೆ ಒಲೆಯ ಮುಂದೆ ನಿಂತಳೆಂದರೆ ಎಸರು, ಕುದಿ, ಚಿಟಿಕೆ, ಹಿಡಿ, ಬೊಗಸೆ, ನಾದುವುದು, ಹದ ಎಂಬ ಮಾತುಗಳು ತಾವಾಗಿಯೇ ಬರುತ್ತವೆ. ಈ ಮಾತುಗಳನ್ನು ಅವಳಿಗೆ ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ, ನಾವೂ ಕಲಿಸಲಿಲ್ಲ.

ರೊಟ್ಟಿಯ ಕೆಲಸವನ್ನು ನಾವು ಮೊದಲು ಸರಿಯಾಗಿ ನೋಡಿದ್ದೂ ಇಲ್ಲಿಯೇ. ಗೋದಿಯ ಹಿಟ್ಟಿಗೆ ಇರುವ ಅಂಟು ಜೋಳಕ್ಕಿಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಹೊಯ್ಯಬೇಕು; ಆ ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಆ ಜಿಗಿ ಕಡಿಮೆಯಾಗಿ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ವಾರಕ್ಕೊಮ್ಮೆ ಹೊಸ ಹಿಟ್ಟನ್ನು ಹೊತ್ತು ತರುವುದು ಇದಕ್ಕಾಗಿಯೇ. ನಾದಿದ ಮುದ್ದೆಯನ್ನು ಹಿಟ್ಟು ಉದುರಿಸಿದ ಪರಾತದಲ್ಲಿಟ್ಟು ಅಂಗೈಯಿಂದ ಬಡಿಯುತ್ತ ಬಡಿಯುತ್ತ ತಿರುಗಿಸಬೇಕು. ಬಳಿಕ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ನೀರು ಆರುತ್ತಲೇ ಮಗುಚಬೇಕು. ನಮ್ಮ ಸೀಮೆಯ ಹಿಂಗಾರಿ ಜೋಳದ ಹೆಸರು ದೊಡ್ಡದು. ಇದೇ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಮಾಲದಂಡಿ ಜೋಳದಿಂದ ಆಯ್ದ ಎಂ 35-1 ತಳಿಯನ್ನು ರೈತರು ಇಂದಿಗೂ ಬಿತ್ತುತ್ತಾರೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಎಷ್ಟೇ ಹೆಸರಿನ ಜೋಳವಾದರೂ ಬಡಿಯುವ ಕೈಯಿಲ್ಲದೆ ಅದು ರೊಟ್ಟಿಯಾಗಲಾರದು.

ಆ ಬಡಿತವೇ ಒಂದು ದಿನ ತೊಂದರೆಗೆ ಕಾರಣವಾಯಿತು.

ನಮ್ಮ ಮನೆಯವರು ಬೆಳಗಿನ ಐದೂವರೆಗೆ ಎದ್ದು ಮಕ್ಕಳ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದರು. ಒಂದು ಭಾನುವಾರ ಕೆಳಗಿನ ಮನೆಯ ಹೆಣ್ಣುಮಗಳು ಮೇಲೆ ಬಂದರು. ಅವರದು ತೆಲುಗು ಮಾತಿನ ಕುಟುಂಬ. ಯಜಮಾನರಿಗೆ ಟವೆಲ್ ನೇಯುವ ಕಾರಖಾನೆಯಲ್ಲಿ ರಾತ್ರಿ ಪಾಳಿ. ಅವರು ಮನೆಗೆ ಬಂದು ತಲೆ ಇಡುವುದು ಬೆಳಗಿನ ಐದಕ್ಕೆ. ಆಕೆ ಬಾಗಿಲಲ್ಲಿಯೇ ನಿಂತು, ಬಹಳ ಸಂಕೋಚದಿಂದ, ಮರಾಠಿಯಲ್ಲಿ ಹೇಳಿದರು: “ವಹಿನಿ, ತಪ್ಪು ತಿಳಿಯಬೇಡಿ. ನಿಮ್ಮ ಕಟ್ಟೆಯ ಸದ್ದು ನಮ್ಮ ಮನೆಯವರ ತಲೆಯ ಮೇಲೆಯೇ ಬೀಳುತ್ತದೆ. ಮೂರು ತಿಂಗಳಿಂದ ಅವರಿಗೆ ಸರಿಯಾದ ನಿದ್ದೆಯಿಲ್ಲ.”

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ನ್ಯಾಯವಿತ್ತು. ಊರಿನಲ್ಲಿ ರೊಟ್ಟಿಯ ಸದ್ದು ಕೇಳಿದರೆ ಆ ಮನೆಯಲ್ಲಿ ಬೆಳಗಾಯಿತೆಂದು ಅರ್ಥ. ಇಲ್ಲಿ ಅದೇ ಸದ್ದು ದುಡಿದು ಬಂದವನ ನಿದ್ದೆಯನ್ನು ಕೆಡಿಸುತ್ತಿತ್ತು. ನಮ್ಮ ಮನೆಯವರು “ಆಯ್ತವ್ವ” ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದರು. ಮರುದಿನದಿಂದ ರೊಟ್ಟಿ ನಿಂತಿತು. ಮುಂದಿನ ಶನಿವಾರ ನಾವು ಹೋದಾಗ ಹಿಂದಿನ ವಾರದ ಹಿಟ್ಟು ಡಬ್ಬಿಯಲ್ಲಿ ಹಾಗೆಯೇ ಇತ್ತು. ತಾಟಿನಲ್ಲಿ ಚಪಾತಿ ಬಂದಿತು.

ಸಮಾಧಾನ ಹೇಳುವೆವೆಂದು ನಾವು, “ಚಪಾತಿಯಾದರೇನು? ಹೊಟ್ಟೆ ತುಂಬಿದರಾಯಿತು” ಎಂದೆವು. ಮುಖ್ಯಾಧ್ಯಾಪಕರಾದವರು ಹಲವೊಮ್ಮೆ ಹೀಗೆ ಉತ್ತರ ಗೊತ್ತಿದ್ದವರಂತೆ ಮಾತನಾಡಿಬಿಡುತ್ತೇವೆ. ಅವರು ತಿರುಗಿಯೂ ನೋಡದೆ ಮೆಲ್ಲಗೆ ಅಂದರು: “ಊರು ಬಿಟ್ಟು ಬಂದೀನಿ, ಮನಿ ಬಿಟ್ಟು ಬಂದೀನಿ. ಇದೊಂದಾರ ಇರ್ಲಿ ಅಂತಿದ್ದೆರಿ.”

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಹಿಟ್ಟನ್ನು ಹೊತ್ತು ತರುವುದೇ ದೊಡ್ಡ ಉಪಕಾರವೆಂದು ತಿಳಿದಿದ್ದೆವು. ಗುರುತಿನವರಾರೂ ಇಲ್ಲದ ಈ ಮೂರನೆಯ ಮಹಡಿಯಲ್ಲಿ ಆ ಹೆಣ್ಣುಜೀವಕ್ಕೆ ಆ ಬಡಿತವೇ ಜೊತೆಯಾಗಿತ್ತೆಂಬುದು ನಮಗೆ ಹೊಳೆದಿರಲಿಲ್ಲ.

ಮರುದಿನ ಚಹದ ಹೊತ್ತಿನಲ್ಲಿ ಮಕ್ಕಳಿಗೆ ಅಜ್ಜನ ಕಥೆಯನ್ನು ಹೇಳುತ್ತ ಕುಳಿತೆವು. ನಮ್ಮ ಅಜ್ಜ ಇದೇ ಸೋಲಾಪುರದಲ್ಲಿ, 1877ರಲ್ಲಿ ಸ್ಥಾಪನೆಯಾಗಿ ಮುಂದೆ ‘ಹಳೆಯ ಗಿರಣಿ’ ಎಂದು ಹೆಸರಾದ ಬಟ್ಟೆ ಗಿರಣಿಯಲ್ಲಿ ದುಡಿದವನು. ಚಾಳಿನ ಒಂದೇ ಕೋಣೆಯಲ್ಲಿ ಆರು ಮಂದಿ ಇರುತ್ತಿದ್ದರಂತೆ. ಒಂದು ಪಾಳಿಯವರು ಮಲಗಿದಾಗ ಇನ್ನೊಂದು ಪಾಳಿಯವರು ಏಳಬೇಕು. “ಹಂಗಾದ್ರ ಒಬ್ರು ಮಲಗಿದಾಗ ಒಬ್ರು ರೊಟ್ಟಿ ಹ್ಯಾಂಗ ಬಡೀತಿದ್ರು?” ಎಂದು ಮಗ ಕೇಳಿದ. “ದಿನಾ ಬಡೀತಿರಲಿಲ್ಲ. ಗೋಡೆಗೆ ತೂಗುಹಾಕಿದ ಬುಟ್ಟಿಯಲ್ಲಿ ವಾರದ ಖಡಕ್ ರೊಟ್ಟಿ ಇರುತ್ತಿದ್ದವಂತೆ” ಎಂದೆವು. ನಮ್ಮ ಮನೆಯವರು ಚಹದ ಬಟ್ಟಲನ್ನು ಕೆಳಗಿಟ್ಟರು. “ಇಷ್ಟ್ ದಿನಾ ಇದು ನನಗ್ಯಾಕ ಹೊಳೀಲಿಲ್ಲ?” ಎಂದರು.

ಖಡಕ್ ರೊಟ್ಟಿಯ ಗುಣವನ್ನು ಉತ್ತರ ಕರ್ನಾಟಕದವರಿಗೂ ಸೋಲಾಪುರದವರಿಗೂ ಹೇಳಬೇಕಾದುದಿಲ್ಲ. ತೆಳ್ಳಗೆ ಬಡಿದು, ಬೇಯಿಸಿ, ಹಂಚಿನ ಅಂಚಿನಲ್ಲಿ ಸಣ್ಣ ಉರಿಗೆ ತೇವವೆಲ್ಲ ಆರುವವರೆಗೆ ಒಣಗಿಸಿದರೆ ಅದು ವಾರಗಟ್ಟಲೆ ಕೆಡುವುದಿಲ್ಲ. ನೀರಿನ ಅಂಶವಿಲ್ಲದ್ದರಿಂದ ಬೂಸು ಹಿಡಿಯದು. ಎಣ್ಣೆ ಹಾಕದ್ದರಿಂದ ಕಮಟದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರಾಶಿ ರಾಶಿ ರೊಟ್ಟಿಗಳು ಮುಂಚಿತವಾಗಿ ಬಂದು ಸೇರುವುದೂ ಈ ಗುಣದಿಂದಲೇ.

ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿಯ ವೇಳೆ ಭಾನುವಾರ ಸಂಜೆಯ ನಾಲ್ಕು ಗಂಟೆ. ಆ ಹೊತ್ತಿಗೆ ಕೆಳಗಿನ ಯಜಮಾನರು ಎದ್ದು ಚಹ ಕುಡಿದಿರುತ್ತಾರೆ. ಪರಾತದ ಕೆಳಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇವೆ. ಪೆಟ್ಟಿನ ಸದ್ದನ್ನು ಅದು ಬಹುಮಟ್ಟಿಗೆ ನುಂಗುತ್ತದೆ. ಮಗಳು ನಾದುವುದು, ನಮ್ಮ ಮನೆಯವರು ಬಡಿಯುವುದು, ಮಗ ಹಂಚಿನ ಮುಂದೆ ನಿಲ್ಲುವುದು, ನಾವು ಆರಿದ ರೊಟ್ಟಿಗಳನ್ನು ಬಟ್ಟೆಯ ಮೇಲೆ ಹರಡುವುದು. ಒಂದು ಭಾನುವಾರ ಇಪ್ಪತ್ತನೆಯ ರೊಟ್ಟಿಯಾಗುವಷ್ಟರಲ್ಲಿ ಅವರು ಮಣಿಕಟ್ಟನ್ನು ಹಿಡಿದುಕೊಂಡು ನಿಂತುಬಿಟ್ಟರು. ಆ ನೋವು ಹಲವು ವರ್ಷಗಳದೆಂದು ನಮಗೆ ಅಂದು ತಿಳಿಯಿತು. ಕೈ ತೊಳೆದುಕೊಂಡು ಪರಾತದ ಮುಂದೆ ನಾವು ನಿಂತೆವು.

ನಮ್ಮ ಮೊದಲನೆಯ ರೊಟ್ಟಿ ಪರಾತದಲ್ಲಿಯೇ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಮೂರನೆಯದು ಉಳಿಯಿತು, ಆದರೆ ಅದನ್ನು ಕಂಡ ಮಗಳು, “ಅಪ್ಪಾ, ಇದು ರೊಟ್ಟಿಯೇನು, ಅಕ್ಕಲಕೋಟ ತಾಲೂಕಿನ ನಕಾಶೆಯೇನು?” ಎಂದಳು. ನಮ್ಮ ಮನೆಯವರು ಬಹಳ ದಿನಗಳ ಮೇಲೆ ಮನಬಿಚ್ಚಿ ನಕ್ಕರು. ಬಳಿಕ ನಮ್ಮ ಅಂಗೈಯನ್ನು ಹಿಡಿದು, “ಒತ್ತಬ್ಯಾಡ್ರಿ, ಅದು ತಾನ ತಿರುಗ್ತದ. ನೀವು ಸುಮ್ನ ದಾರಿ ತೋರಸ್ರಿ” ಎಂದು ಹೇಳಿಕೊಟ್ಟರು. ನಮ್ಮ ತರಬೇತಿ ಕಾಲೇಜಿನಲ್ಲಿಯೂ ಬೋಧನೆಯ ವಿಷಯದಲ್ಲಿ ಇಷ್ಟು ಸರಳವಾದ ಮಾತನ್ನು ಯಾರೂ ಹೇಳಿರಲಿಲ್ಲ.

ಆ ಸಂಜೆ ಹತ್ತು ರೊಟ್ಟಿ, ಒಂದು ಬಟ್ಟಲು ಹಿಂಡಿ ಕೆಳಗಿನ ಮನೆಗೆ ಹೋದವು. ಎರಡು ದಿನಗಳ ಮೇಲೆ ಅದೇ ಬಟ್ಟಲು ತುಂಬಿ ಬಂದಿತು. ಅದರಲ್ಲಿದ್ದುದು ಗೊಂಗೂರ ಚಟ್ನಿ. ನಮ್ಮ ಪುಂಡಿಯೇ ತೆಲುಗಿನವರ ಗೊಂಗೂರ, ಮರಾಠಿಯವರ ಅಂಬಾಡಿ. ಈಗ ನಮ್ಮ ಚೀಲದ ಎರಡು ಕಟ್ಟು ಪುಂಡಿಯಲ್ಲಿ ಒಂದು ಎರಡನೆಯ ಮಹಡಿಯಲ್ಲಿಯೇ ಇಳಿಯುತ್ತದೆ.

ಸೋಮವಾರ ನಸುಕಿಗೆ ನಾವು ಊರಿನ ಬಸ್ಸು ಹಿಡಿಯುವಾಗ ಚೀಲ ಹಗುರಾಗಿರುತ್ತದೆ. ಹಿಟ್ಟಾಗಿ ಹೋದದ್ದು ರೊಟ್ಟಿಯಾಗಿ ಮರಳುತ್ತದೆ. ಅವ್ವ ಈಗಲೂ ಅನ್ನ, ಸಾರು ಮಾಡುತ್ತಾಳೆ. ರೊಟ್ಟಿ ಬಡಿಯುವ ಬಲ ಅವಳ ಕೈಗಿಲ್ಲ, ಖಡಕ್ ರೊಟ್ಟಿಯನ್ನು ಕಡಿಯುವ ಹಲ್ಲೂ ಇಲ್ಲ. ಅದನ್ನು ಮುರಿದು ಸಾರಿನಲ್ಲಿ ನೆನೆಯಿಸಿ ಉಣ್ಣುತ್ತಾಳೆ. ಮೊದಲ ಸಲ ನಮ್ಮ ಕೈಯ ರೊಟ್ಟಿಯನ್ನು ಏನೂ ಹೇಳದೆ ಅವಳ ತಾಟಿನಲ್ಲಿಟ್ಟೆವು. ಅವ್ವ ಅದನ್ನು ಬೆಳಕಿಗೆ ಹಿಡಿದು, ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿ, “ಇದು ನನ್ನ ಸೊಸಿ ಕೈದಲ್ಲ” ಎಂದಳು. ನಾವು ತಲೆ ತಗ್ಗಿಸಿದೆವು. ಅವಳು ರೊಟ್ಟಿಯನ್ನು ಮುರಿಯುತ್ತ, “ನಮ್ಮ ಮಾವಾರ ರೊಟ್ಟೀನೂ ಹಿಂಗ ಇರ್ತಿತ್ತು. ಗಿರಣಿ ಬಿಟ್ಟು ಬಂದ ಮ್ಯಾಲೂ ನನಗ ಜ್ವರಾ ಬಂದಾಗ ಅವರ ಬಡೀತಿದ್ರು” ಎಂದಳು.

ಐವತ್ತು ದಾಟಿದ ನಮಗೆ ಅಜ್ಜನ ಈ ಸಂಗತಿ ಅಂದೇ ಮೊದಲು ತಿಳಿದದ್ದು. ನಾವು ಪಡಸಾಲೆಯಿಂದ ಎದ್ದು ಅವ್ವನ ಹತ್ತಿರ, ಒಲೆಯ ಮುಂದೆ ತಾಟು ಇಟ್ಟುಕೊಂಡು ಕುಳಿತೆವು.