ಅವರವರ ಪರದೆ ಅವರವರಿಗೆ

ಪ್ರೀತಿಯ ಪುಟ್ಟಿ,

ನಿನ್ನ ಫೋನ್ ಬಂದಾಗಿನಿಂದ ನನಗೆ ಅದೇ ಯೋಚನೆ. ನಮ್ಮ ಜನ ರಾತ್ರಿ ಮೊಬೈಲಿನಲ್ಲಿ ಏನೇನು ನೋಡುತ್ತಾರೆ ಅಂತ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಸ್ಕ್ರಿಪ್ಟ್ ಬರೆಯಲು ನಿನ್ನ ಚಾನೆಲ್ಲಿನವರು ಹೇಳಿದ್ದಾರೆ, ಮನಸ್ಸು ಒಪ್ಪುತ್ತಿಲ್ಲ ಎಂದೆಯಲ್ಲ. ಒಪ್ಪದಿರುವುದೇ ಸರಿ ಕಣೇ.

ಅಂಥ ಕಾರ್ಯಕ್ರಮಗಳನ್ನು ನಾನೂ ನೋಡಿದ್ದೇನೆ. ನಮ್ಮ ಸಂಸ್ಕೃತಿ ಎಲ್ಲಿಗೆ ಬಂತು ಅಂತ ಆ್ಯಂಕರ್ ಗುಡುಗುವಾಗ ಪಕ್ಕದ ಅರ್ಧ ಪರದೆಯಲ್ಲಿ ಮಸುಕು ಮಾಡಿದ ಅದೇ ದೃಶ್ಯ ಮತ್ತೆ ಮತ್ತೆ ತಿರುಗುತ್ತಿರುತ್ತದೆ. ಬ್ರೇಕ್ ಹತ್ತಿರ ಬಂದಂತೆ ಅದನ್ನೇ ಇನ್ನೂ ದೊಡ್ಡದು ಮಾಡುತ್ತಾರೆ. ಹೇಳೋದು ವೇದ, ಹಾಕೋದು ಗಾಳ. ಇದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಇಣುಕಿ ನೋಡುವ ಈ ಚಟ ಹೊಸದೇನಲ್ಲ. ಅಮೆರಿಕದಲ್ಲಿ 1987ರಲ್ಲಿ ರಾಬರ್ಟ್ ಬೋರ್ಕ್ ಎಂಬವರ ಹೆಸರು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹುದ್ದೆಗೆ ಸೂಚಿತವಾಗಿತ್ತು. ವಾಷಿಂಗ್ಟನ್ನಿನ ವಾರಪತ್ರಿಕೆಯೊಂದರ ವರದಿಗಾರ, ಅವರು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್‌ಗಳ ಪಟ್ಟಿಯನ್ನು ಅಂಗಡಿಯಿಂದಲೇ ಪಡೆದು ಅದರ ಮೇಲೆ ಲೇಖನ ಬರೆದ. ಒಟ್ಟು 146 ಕ್ಯಾಸೆಟ್. ಹಿಚ್‌ಕಾಕ್, ಮಾರ್ಕ್ಸ್ ಸಹೋದರರು, ಇಂಥವರ ಚಿತ್ರಗಳೇ. ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೂ ಸಂಸತ್ತಿನ ಎರಡೂ ಪಕ್ಷದವರು ಬೆಚ್ಚಿದರು. 1988ರಲ್ಲಿ, ಅಂಥ ವಿವರವನ್ನು ಅಂಗಡಿಯವರು ಹೊರಗೆ ಕೊಡದಂತೆ ಕಾನೂನೇ ಬಂತು. ಪಟ್ಟಿಯಲ್ಲಿ ಏನಿತ್ತು ಎನ್ನುವುದು ಮುಖ್ಯವಲ್ಲ ಪುಟ್ಟಿ, ಅದನ್ನು ಬಯಲಿಗೆ ತಂದದ್ದೇ ತಪ್ಪು.

ನಮ್ಮಲ್ಲೂ ಈ ಮಾತು ಆಗಿದೆ. ಅಶ್ಲೀಲ ಜಾಲತಾಣಗಳನ್ನು ನಿಷೇಧಿಸಿ ಎಂಬ ಅರ್ಜಿ 2015ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ, ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಅಂದಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಮಧ್ಯಂತರ ಆದೇಶ ಕೊಡಲಿಲ್ಲ. ವಯಸ್ಕರು ನಾಲ್ಕು ಗೋಡೆಯ ಒಳಗೆ ನೋಡುವುದನ್ನು ಹೇಗೆ ತಡೆಯುವುದು ಎಂಬುದು ಅವರ ಪ್ರಶ್ನೆಯಾಗಿತ್ತು. ಎರಡು ವರ್ಷದ ಮೇಲೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು.

ಹಾಗಂತ ಎಲ್ಲದಕ್ಕೂ ಕಣ್ಣು ಮುಚ್ಚಿಕೊಳ್ಳಬೇಕು ಅಂತಲ್ಲ. 2012ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ವಿಧಾನಸಭೆ ನಡೆಯುತ್ತಿದ್ದಾಗ ಸಚಿವರ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ಕ್ಯಾಮೆರಾಕ್ಕೆ ಸಿಕ್ಕಿತು, ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅದು ಸುದ್ದಿಯೇ, ಏಕೆಂದರೆ ಅದು ಸದನ, ಜನರ ಕೆಲಸದ ಹೊತ್ತು. ಮಕ್ಕಳನ್ನು ಬಳಸಿದ ವಿಡಿಯೊ ಎಲ್ಲೇ ನೋಡಿದರೂ ಅಪರಾಧ, ಅದನ್ನು ಬರೆಯಲೇಬೇಕು. ಯಾರಿಗೆ ನೋವಾಗಿದೆ, ಯಾರ ಒಪ್ಪಿಗೆ ಇರಲಿಲ್ಲ ಎಂದು ಕೇಳು. ಉತ್ತರ ಸಿಕ್ಕಿದರೆ ಅಲ್ಲಿ ಸುದ್ದಿ ಇದೆ.

ಡೆಸ್ಕಿನಲ್ಲಿ ಬೇರೆ ಕಾರ್ಯಕ್ರಮ ಸೂಚಿಸು. ಗುಟ್ಟಾಗಿ ತೆಗೆದ ವಿಡಿಯೊ ತೋರಿಸಿ ಹುಡುಗಿಯರನ್ನು ಹೆದರಿಸುವವರಿದ್ದಾರೆ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ಎಲ್ಲಿ ದೂರು ಕೊಡಬೇಕು, ಹರಿದಾಡುವ ವಿಡಿಯೊ ಅಳಿಸಿಹಾಕಿಸುವುದು ಹೇಗೆ, ಸ್ಟೇಷನ್ನಿಗೆ ಹೋದರೆ ಏನು ಕೇಳುತ್ತಾರೆ, ಇಷ್ಟನ್ನು ಅರ್ಧ ಗಂಟೆಯಲ್ಲಿ ಹೇಳಿದರೆ ಒಬ್ಬ ಹುಡುಗಿಗಾದರೂ ಧೈರ್ಯ ಬರುತ್ತದೆ.

ಕೆಲಸ ಹೊಸದು, ಎದುರಾಡುವುದು ಕಷ್ಟ, ಗೊತ್ತು. ಆದರೂ ಯಾರದೋ ಮನೆಯ ರಾತ್ರಿಗೆ ತೀರ್ಪು ಕೊಡುವ ಬರಹಕ್ಕೆ ನಿನ್ನ ಹೆಸರು ಹಾಕಬೇಡ. ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಗುವವರೆಗೆ ನಿನ್ನ ರೂಮಿನ ಬಾಡಿಗೆ ನಾನು ಕಟ್ಟುತ್ತೇನೆ.

ನಿನ್ನ,
ಚಿಕ್ಕಮ್ಮ