ಮರವಂತೆಯ ಮಳೆಯೂ ಓಟದ ಟಯರೂ

ಬ್ರಹ್ಮಾವರದಿಂದ ಉತ್ತರಕ್ಕೆ ಹೊರಟ ರಾಷ್ಟ್ರೀಯ ಹೆದ್ದಾರಿ 66 ಕೋಟ, ಕುಂದಾಪುರಗಳನ್ನು ದಾಟಿ ಮರವಂತೆಯನ್ನು ಸೇರಿದಾಗ ಎಡಗಡೆ ಕಡಲು, ಬಲಗಡೆ ಸೌಪರ್ಣಿಕೆ, ನಡುವೆ ದಾರಿ. ಬೈಂದೂರಿನಲ್ಲಿ ಬಲಕ್ಕೆ ತಿರುಗಿದರೆ ಕೊಲ್ಲೂರು, ಅದರಾಚೆ ಘಟ್ಟದ ತಿರುವುಗಳು. ಚುರುಕಾದ ಪುಟ್ಟ ಕಾರುಳ್ಳ ತರುಣನಿಗೆ ಈ ಪಯಣವೇ ಒಂದು ಹಬ್ಬ.

ಆದರೆ ಅವನ ಮನಸ್ಸು ಓಟದ ಪಥದ ಮೇಲೆ. ಅದಕ್ಕೆ ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಪಥಕ್ಕೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಹೋಗಬೇಕು. ಕೈಯಲ್ಲಿ ಹಣ ಮಿತವಾಗಿದ್ದರೆ ಹೋಗುವುದೂ ಓಡಿಸುವುದೂ ಮರಳುವುದೂ ಅವೇ ನಾಲ್ಕು ಟಯರುಗಳ ಮೇಲೆ.

ಹಲವು ಟಯರುಗಳ ಪಕ್ಕದಲ್ಲಿ ಸವೆತದ ಅಂಕ ಅಚ್ಚಾಗಿರುತ್ತದೆ. 200ರ ಆಸುಪಾಸಿನದು ಸಾಮಾನ್ಯವಾಗಿ ಮೃದು ರಬ್ಬರು. ಒಣ ಪಥವನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಗನೆ ಸವೆಯುತ್ತದೆ. 400ರದು ಬಾಳಿಕೆಯದು, ಹಿಡಿತ ಕಡಿಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಪರೀಕ್ಷೆಯೇ ಬೇರೆ. ನೀರನ್ನು ಹೊರದೂಡುವುದು ಟಯರಿನ ಗೀರುಗಳು. ಅವು ಸವೆದರೆ ಕಾರು ನೀರಿನ ಪೊರೆಯ ಮೇಲೆ ತೇಲುತ್ತದೆ. ಆಗ ಸ್ಟೇರಿಂಗಿಗೂ ಬ್ರೇಕಿಗೂ ಅದು ಮಣಿಯದು. ಕಾನೂನು ಕೇಳುವ ಕನಿಷ್ಠ ಆಳ 1.6 ಮಿ.ಮೀ.; ಮರವಂತೆಯ ಮಳೆಗೆ ಅಷ್ಟು ಸಾಲದು.

ಅಗ್ಗವೆಂದು ಹಳೆಯ ಸರಕನ್ನು ಕೊಳ್ಳುವುದೂ ಲಾಭವಲ್ಲ. ಪಕ್ಕದಲ್ಲಿ 2324 ಎಂದಿದ್ದರೆ ಅದು 2024ರ 23ನೆಯ ವಾರದ ತಯಾರಿಕೆ. ವರ್ಷಗಳು ಕಳೆದಂತೆ ರಬ್ಬರು ಗಡುಸಾಗುತ್ತದೆ. ನಡುವಣ ಅಂಕದ, ಆಳವಾದ ಗೀರುಗಳ, ಹೊಸ ತಯಾರಿಕೆಯ ಟಯರೇ ಈ ಊರುಗಳವನಿಗೆ ತಕ್ಕುದು. ಪಥದಲ್ಲಿ ಒಂದೆರಡು ಸೆಕೆಂಡು ಹಿಂದೆ ಬಿದ್ದರೂ, ಮಳೆಯ ರಾತ್ರಿಯಲ್ಲಿ ಅವನು ಮನೆ ಸೇರುತ್ತಾನೆ.