ಒಂದರಷ್ಟು ಕಡಿಮೆ

ಕನ್ನಡ ವಿಭಾಗದ ಆಶುಭಾಷಣ ಸ್ಪರ್ಧೆಯಲ್ಲಿ ಸಮಯಪಾಲನೆಯ ಕೆಲಸ ಬಹುಕಾಲದಿಂದ ಒಂದು ಕೈಗಡಿಯಾರ ಮತ್ತು ಒಂದು ಹಿತ್ತಾಳೆಯ ಗಂಟೆಯನ್ನು ನೆಚ್ಚಿಕೊಂಡು ನಡೆದುಬಂದಿತ್ತು. ಮೂರು ನಿಮಿಷ ತುಂಬಿದೊಡನೆ ಗಂಟೆ ಬಾರಿಸುತ್ತದೆ. ಭಾಷಣಕಾರನು ವಾಕ್ಯದ ನಡುವೆಯೇ ನಿಲ್ಲುತ್ತಾನೆ. ತನಗೆಷ್ಟು ಹೊತ್ತು ಉಳಿದಿದೆಯೆಂಬುದು ಅವನಿಗೆ ಅಲ್ಲಿಯವರೆಗೆ ತಿಳಿಯುವುದಿಲ್ಲ. ಈ ಕೊರತೆಯನ್ನು ಕಂಡ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು, ಎದುರಿನ ಗೋಡೆಯ ಮೇಲೆ ನೂರೆಂಬತ್ತರಿಂದ ಸೊನ್ನೆಯವರೆಗೆ ಇಳಿಯುತ್ತ ಬರುವ ಗಡಿಯಾರವೊಂದನ್ನು ಕಟ್ಟಿಕೊಡುವುದಾಗಿ ಮುಂದೆ ಬಂದಳು.

ಅವಳು ಆರಿಸಿಕೊಂಡ ಸಾಧನ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಲೋಕಕ್ಕೆ ಬಿಟ್ಟ ಈ ಭಾಷೆಯಲ್ಲಿ ಆಜ್ಞೆಗಳನ್ನು ಟೈಪು ಮಾಡಬೇಕಾಗಿಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸಾಕು. 8ರಿಂದ 16 ವರ್ಷದ ಮಕ್ಕಳಿಗೆಂದು ಮಾಡಿದ್ದು. ಪದವಿ ತರಗತಿಯವಳು ಅದನ್ನು ತೆರೆದು, ಕಿತ್ತಳೆ ಬಣ್ಣದ ಬೆಕ್ಕಿನ ಮುಂದೆ ಕುಳಿತುದನ್ನು ನೋಡಿ ಗೆಳತಿಯರು ನಕ್ಕರು. ನಗಲಿ, ಅಂತರ್ಜಾಲವಿಲ್ಲದೆಯೂ ಪ್ರಯೋಗಾಲಯದ ಹಳೆಯ ಗಣಕಯಂತ್ರದಲ್ಲಿ ನಡೆಯುವಂಥದು ಅದೊಂದೇ ಆಗಿತ್ತು.

ಕಟ್ಟಡ ಸರಳ. ಹಸಿರು ಬಾವುಟ ಒತ್ತಿದಾಗ ಕೆಲಸ ಆರಂಭ. 'ಸಮಯ' ಎಂಬ ಒಂದು ಚರಾಂಕ. ಅದರ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಅದರಲ್ಲಿ 180 ಎಂಬ ಬೆಲೆ. ಬಳಿಕ ಸಮಯವು ಸೊನ್ನೆಯಾಗುವ ತನಕ ತಿರುಗುವ ಒಂದು ಸುತ್ತು. ಸುತ್ತಿನೊಳಗೆ ಒಂದು ಸೆಕೆಂಡು ಕಾಯುವುದು, ಸಮಯದಿಂದ ಒಂದನ್ನು ಕಳೆಯುವುದು. ಇಷ್ಟೇ. ಆದರೆ ಮೊದಲ ಸಲ ಬಾವುಟ ಒತ್ತಿದಾಗ ನೂರೆಂಬತ್ತು ಒಂದು ಕ್ಷಣ ನಿಂತು, ಮರುಕ್ಷಣವೇ ಋಣ ಒಂದಕ್ಕೆ ಹಾರಿ, ಅಲ್ಲಿಯೇ ಕಚ್ಚಿಕೊಂಡಿತು.

ತುಂಡುಗಳ ಮೇಲಿನ ಬರೆಹ ಇಂಗ್ಲಿಷಿನಲ್ಲಿತ್ತು. 'ಸೆಟ್... ಟು' ಎಂಬುದೊಂದು, 'ಚೇಂಜ್... ಬೈ' ಎಂಬುದಿನ್ನೊಂದು. ಎರಡನ್ನೂ ಅವಳು ಮನಸ್ಸಿನಲ್ಲಿ 'ಬದಲಿಸು' ಎಂದೇ ಓದಿಕೊಂಡು, ಎರಡನೆಯದರ ಜಾಗದಲ್ಲಿ ಮೊದಲನೆಯದನ್ನು ಇಟ್ಟಿದ್ದಳು. ಸಮಯದಿಂದ ಒಂದನ್ನು ಕಳೆಯುವುದರ ಬದಲು ಯಂತ್ರವು ಸಮಯವನ್ನೇ ಋಣ ಒಂದನ್ನಾಗಿ ಮಾಡಿತ್ತು. ಇದು ವ್ಯಾಕರಣದ ತರಗತಿಗೆ ಸೇರಬೇಕಾದ ದೋಷ. ತೊಗರಿಯ ದರ ನೂರು ರೂಪಾಯಿಗೆ ಇಳಿಯುವುದು ಬೇರೆ, ನೂರು ರೂಪಾಯಿಯಷ್ಟು ಇಳಿಯುವುದು ಬೇರೆ. ಅಕ್ಕಲಕೋಟೆಯ ಕಡೆಯ ರೈತನಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಏಳನೆಯ ಇಯತ್ತೆಯವರೆಗೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಅನಂತರ ಮರಾಠಿಯಲ್ಲಿ ಓದಿದ ಅವಳಿಗೆ ದಾರಿ ತೋರಿದ್ದು ಮರಾಠಿ. 'ಶಂಭರ್ ರುಪಯಾಂವರ ಆಲಾ', 'ಶಂಭರ್ ರುಪಯಾಂನೀ ಉತರಲಾ' ಎಂದು ಎರಡು ಸಲ ಹೇಳಿಕೊಂಡಾಗ 'ಬೈ' ಎಂಬುದರ ಅರ್ಥ ಬಿಚ್ಚಿಕೊಂಡಿತು. ಟಿಪ್ಪಣಿ ಪುಸ್ತಕದಲ್ಲಿ ಅವಳು ಬರೆದುಕೊಂಡ ಕನ್ನಡ ರೂಪ ಹೀಗಿದೆ: 'ಸಮಯವನ್ನು ಒಂದರಷ್ಟು ಕಡಿಮೆ ಮಾಡು.' ಅನುವಾದದ ಪತ್ರಿಕೆಗೆ ಕುಳಿತವರು ಇದಕ್ಕಿಂತ ಒಳ್ಳೆಯ ವಾಕ್ಯವನ್ನು ಕೊಡುವುದು ಕಷ್ಟ.

ಹತ್ತರಿಂದ ಇಳಿಸಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಸ್ಪರ್ಧೆಯ ದಿನ ಬೆಳಿಗ್ಗೆ ಗೆಳತಿಯರ ಒತ್ತಾಯಕ್ಕೆ ಸೆಕೆಂಡಿಗೊಂದು 'ಟಿಕ್' ಸದ್ದನ್ನು ಸುತ್ತಿನೊಳಗೆ ಸೇರಿಸಿದಳು. ಮತ್ತೆ ಪರೀಕ್ಷಿಸಲಿಲ್ಲ.

ಅಂದು ವಿದ್ಯುತ್ತು ಇರಲಿಲ್ಲ. ಮೊದಲ ನಾಲ್ವರು ಹಳೆಯ ಪದ್ಧತಿಯಂತೆ ಕೈಗಡಿಯಾರಕ್ಕೆ ಮಾತನಾಡಿದರು. ನಾಲ್ಕನೆಯವನು, ಗಡಿಭಾಗದ ಶಾಲೆಗಳ ಕುರಿತು ಮಾತಾಡುತ್ತಿದ್ದವನು, ಮುಕ್ತಾಯಕ್ಕೆ ಬರುವಷ್ಟರಲ್ಲಿ ಗಂಟೆ ಬಿತ್ತು. ಬಳಿಕ ವಿದ್ಯುತ್ತು ಬಂದಿತು. ಉಳಿದ ಏಳು ಮಂದಿ ಗೋಡೆಯ ಮೇಲಿನ ಅಂಕಿಗಳನ್ನು ನೋಡುತ್ತ ನಿರಾಳವಾಗಿ ಮಾತು ಮುಗಿಸಿದರು. ಮೂರೂ ಬಹುಮಾನಗಳು ಆ ಏಳು ಮಂದಿಯಲ್ಲೇ ಹಂಚಿಹೋದವು. ಸಂಜೆ ನಾಲ್ಕನೆಯವನು ತಮಾಷೆಗೆಂಬಂತೆ, "ನಿನ್ನ ಮೂರು ನಿಮಿಷ ಭಾಳ ಉದ್ದ ಇದ್ವು ನೋಡು" ಎಂದ.

ಉಳಿದವರು ನಕ್ಕು ಮರೆತರು. ಅವಳು ಮರುದಿನ ಮೊಬೈಲಿನ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಬಾವುಟ ಒತ್ತಿದಳು. ಬೆಕ್ಕು ಸೊನ್ನೆ ತೋರಿಸುವ ಹೊತ್ತಿಗೆ ಮೊಬೈಲು ಮೂರೂವರೆ ನಿಮಿಷ ತೋರಿಸುತ್ತಿತ್ತು. ಅವಳು ಆರಿಸಿದ್ದ ತುಂಡು, ಸದ್ದು ಪೂರ್ತಿ ಮುಗಿಯುವ ತನಕ ಮುಂದಿನದನ್ನು ತಡೆದು ನಿಲ್ಲಿಸುವಂಥದು. ಸದ್ದಿನ ಅವಧಿ ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು. ನೂರೆಂಬತ್ತು ಸಲ ಕೂಡಿದರೆ ಅರ್ಧ ನಿಮಿಷ.

ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಐತಿಹ್ಯವನ್ನು ಕೇಳಿದವರಿಗೆ ಇದು ಹೊಸತಲ್ಲ. ಮುಹೂರ್ತವನ್ನು ತಿಳಿಯಲು ನೀರಿನಲ್ಲಿ ತೇಲಬಿಟ್ಟ ಗಳಿಗೆ ಬಟ್ಟಲು, ತಳದಲ್ಲಿ ಸಣ್ಣ ರಂಧ್ರ. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಕುತೂಹಲದಿಂದ ಬಗ್ಗಿ ನೋಡಿದ ಮದುಮಗಳ ಒಡವೆಯಿಂದ ಮುತ್ತೊಂದು ಉದುರಿ ರಂಧ್ರವನ್ನು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ದಾಟಿಹೋಯಿತು. 'ಲೀಲಾವತಿ'ಯನ್ನು 1587ರಲ್ಲಿ ಪಾರಸಿಗೆ ತಂದ ಅಕ್ಬರನ ಆಸ್ಥಾನದ ಫೈಜಿಯ ಮೂಲಕ ಈ ಕಥೆ ಪ್ರಚಾರಕ್ಕೆ ಬಂದಿತು. ನಿಜವೋ ಅಲ್ಲವೋ, ಕೆಡಿಸಿದ್ದು ಅಲಂಕಾರವೇ.

ಅವಳು ವಿಭಾಗಕ್ಕೆ ಹೋಗಿ ನಡೆದುದನ್ನು ಹೇಳಿದಳು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಹುಮಾನ ಪಡೆದವರಲ್ಲಿ ಒಬ್ಬಳು ಅವಳ ಕೋಣೆಯ ಗೆಳತಿಯೇ ಆಗಿದ್ದಳು, ಮುಂದೆ ಎರಡು ವಾರ ಮಾತು ಬಿಟ್ಟಳು. ಕೊಟ್ಟ ಬಹುಮಾನವನ್ನು ಹಿಂದೆ ಪಡೆಯುವುದು ಬೇಡ, ಮೊದಲ ನಾಲ್ವರಿಗೆ ಮೂರೂವರೆ ನಿಮಿಷ ಕೊಟ್ಟು ಮತ್ತೊಮ್ಮೆ ಕೇಳೋಣ, ಅರ್ಹರಿಗೆ ಇನ್ನೊಂದು ಬಹುಮಾನ ಕೊಡೋಣ ಎಂದು ತೀರ್ಮಾನವಾಯಿತು. ಇದು ನ್ಯಾಯಕ್ಕಿಂತ ರಾಜಿಗೆ ಹತ್ತಿರವಾದುದು. ಮೂವರು ಬಂದರು. ನಾಲ್ಕನೆಯವನು "ಆ ಹೊತ್ತು ಹೋತು" ಎಂದು ಬರಲಿಲ್ಲ.

ಗಡಿಯಾರವನ್ನು ಅವಳು ಮೊದಲಿನಿಂದ ಕಟ್ಟಿದಳು. ಸದ್ದನ್ನು ತೆಗೆದರೂ ಸುತ್ತಿನಿಂದ ಸುತ್ತಿಗೆ ಒಂದಿಷ್ಟು ಹೊತ್ತು ಸೋರುತ್ತಿತ್ತು. ಆದ್ದರಿಂದ ಕಾಯುವ ತುಂಡನ್ನೇ ಬಿಟ್ಟಳು. ಸ್ಕ್ರ್ಯಾಚಿನೊಳಗೆ ತನ್ನಷ್ಟಕ್ಕೆ ಏರುತ್ತಿರುವ 'ಟೈಮರ್' ಒಂದಿದೆ. ಬಾವುಟ ಒತ್ತಿದಾಗ ಅದನ್ನು ಸೊನ್ನೆಗೆ ತಂದು, ನೂರೆಂಬತ್ತರಿಂದ ಅದನ್ನು ಕಳೆದು ಉಳಿದುದನ್ನು ತೋರಿಸಿದಳು. ಆಗ ಇನ್ನೊಂದು ತೊಡಕು: ದಶಾಂಶಗಳಲ್ಲಿ ಇಳಿಯುವ ಬೆಲೆ ಸರಿಯಾಗಿ ಸೊನ್ನೆಯ ಮೇಲೆ ಕಾಲಿಡದೆ ದಾಟಿಹೋಗಿ, ಸುತ್ತು ನಿಲ್ಲುತ್ತಿರಲಿಲ್ಲ. 'ಸೊನ್ನೆಗೆ ಸಮ' ಎಂಬಲ್ಲಿ 'ಸೊನ್ನೆಗಿಂತ ಕಡಿಮೆ' ಎಂದು ತಿದ್ದಿದಳು.

ಪರೀಕ್ಷೆಗೆ ನಾಲ್ಕನೆಯವನನ್ನೇ ಕರೆದಳು. ಅವನು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮೂರು ನಿಮಿಷ ಕಣ್ಣು ಕೀಳದೆ ಕುಳಿತ. ಎರಡೂ ಒಟ್ಟಿಗೆ ಮುಟ್ಟಿದವು.

"ಟಿಕ್ ಟಿಕ್ ಎಲ್ಲಿ ಹೋತು?"

"ತಗದೀನಿ."

"ಹಾಕು. ಛಲೋ ಇತ್ತು."

ಅವಳು ಸದ್ದಿಗೆ ಬೇರೆಯೇ ಒಂದು ಸಾಲು ಜೋಡಿಸಿ, ಅದರಲ್ಲಿ ಯಾವುದನ್ನೂ ತಡೆಯದ 'ಸ್ಟಾರ್ಟ್ ಸೌಂಡ್' ತುಂಡನ್ನು ಇಟ್ಟಳು. ಅವನು ಗಡಿಯಾರವನ್ನು ಮತ್ತೆ ಎದುರಿಗೆ ಎಳೆದುಕೊಂಡ.